ಮೂರು ರಾಯರ ಕಾಣಿಕೆಯೂ ಅಂಗಡಿಯ ಶೀಶೆಯೂ



ಧೂಪದ ಪರಿಮಳವನ್ನು ಅರಿಯದ ಕಥೋಲಿಕ ವಿಶ್ವಾಸಿ ಯಾರಿದ್ದಾರೆ? ಹಬ್ಬದ ಹಾಡುಪೂಜೆಯಲ್ಲಿ, ಪರಮಪ್ರಸಾದದ ಆಶೀರ್ವಾದದಲ್ಲಿ, ನಮ್ಮವರ ಶವಪೆಟ್ಟಿಗೆಯ ಸುತ್ತ ಗುರುಗಳು ಧೂಪಾರತಿ ಬೀಸುವಾಗ ಆ ಪರಿಮಳ ನಮ್ಮ ಮೂಗಿಗಷ್ಟೇ ಅಲ್ಲ, ನೆನಪಿಗೂ ತಾಗುತ್ತದೆ. ಚಿಕ್ಕಂದಿನಲ್ಲಿ ಪೀಠಬಾಲಕರಾಗಿದ್ದವರಿಗಂತೂ ಕೆಂಡ ಊದಿ ಊದಿ ಕಣ್ಣಲ್ಲಿ ನೀರು ತುಂಬಿಕೊಂಡ ದಿನಗಳು ಮರೆಯುವಂಥವಲ್ಲ.

ಈಗ ಅದೇ ಧೂಪ ಹತ್ತು, ಹದಿನೈದು ಮಿಲಿಲೀಟರಿನ ಪುಟ್ಟ ಶೀಶೆಯಲ್ಲಿ ಎಣ್ಣೆಯಾಗಿ ನಮ್ಮ ಮನೆಗಳಿಗೆ ಬರುತ್ತಿದೆ. ಕೊಲ್ಲಿ ದೇಶದಲ್ಲಿ ದುಡಿಯುವ ಮಗ ರಜೆಗೆ ಬಂದಾಗ ತರುತ್ತಾನೆ. ಇಲ್ಲವೆ ಪರಿಚಯದವರೊಬ್ಬರು ಮನೆಗೇ ಬಂದು ಮಾರುತ್ತಾರೆ. ಮಾರುವವರ ಮಾತು ಬಹಳ ಸಿಹಿ. ಮೊಣಕಾಲಿಗೆ ಹಚ್ಚಿದರೆ ನೋವು ಮಾಯ, ನೀರಿಗೆ ನಾಲ್ಕು ಹನಿ ಹಾಕಿ ಕುಡಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತೋಟಿಗೆ, ಕ್ಯಾನ್ಸರ್ ಗಡ್ಡೆಯೂ ಕರಗುತ್ತದೆ, ಹೀಗೆ. ಕೊನೆಗೆ, "ಬಾಲಯೇಸುವಿಗೆ ಮೂರು ರಾಯರು ಕೊಟ್ಟ ಕಾಣಿಕೆಯೇ ಇದು, ನೀವು ನಂಬದಿದ್ದರೆ ಇನ್ಯಾರು ನಂಬುತ್ತಾರೆ?" ಎಂಬ ಮಾತು. ಅದನ್ನು ಕೇಳಿದ ಮೇಲೆ ನಮ್ಮ ತಾಯಂದಿರು ಬೇಡವೆನ್ನುವುದು ಕಷ್ಟ. ಎಣ್ಣೆ ಕೊಂಡರೆ ದುಡ್ಡು ಹೋಗುತ್ತದೆ, ಅಷ್ಟೆ. ಆದರೆ ಎಣ್ಣೆಯನ್ನು ನೆಚ್ಚಿಕೊಂಡು ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸಿದರೆ? ಎದೆಯಲ್ಲಿ ಸಿಕ್ಕಿದ ಗಂಟನ್ನು ಆಸ್ಪತ್ರೆಗೆ ತೋರಿಸದೆ ಮೂರು ತಿಂಗಳು ಎಣ್ಣೆ ತಿಕ್ಕುತ್ತ ಕುಳಿತರೆ? ಈ ಭಯದಿಂದಲೇ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಮೊದಲು ಇದು ಯಾವ ಧೂಪ ಎಂದು ತಿಳಿಯೋಣ. ಮತ್ತಾಯನ ಶುಭಸಂದೇಶದಲ್ಲಿ ಮೂಡಣ ದೇಶದ ಜೋಯಿಸರು ಚಿನ್ನ ಮತ್ತು ರಕ್ತಬೋಳದೊಡನೆ ತಂದ ಧೂಪಕ್ಕೆ ಹೀಬ್ರೂ ಭಾಷೆಯಲ್ಲಿ 'ಲೆಬೋನಾ', ಅರಬ್ಬಿಯಲ್ಲಿ 'ಲುಬಾನ್' ಎಂದು ಹೆಸರು. ಬಿಳುಪು ಎಂಬ ಅರ್ಥದ ಮೂಲದಿಂದ ಬಂದ ಪದಗಳಿವು. ಮರದ ತೊಗಟೆಯನ್ನು ತೆಳ್ಳಗೆ ಕೆತ್ತಿದಾಗ ಹಾಲಿನಂಥ ರಸ ಒಸರಿ, ಕೆಲವು ದಿನಗಳಲ್ಲಿ ಕಣ್ಣೀರ ಹನಿಯಂತೆ ಗಟ್ಟಿಯಾಗುತ್ತದೆ. ಅದನ್ನು ಬಿಡಿಸಿ ತಂದರೆ ಧೂಪ. ಅರೇಬಿಯಾದ ದಕ್ಷಿಣ ತುದಿಯಲ್ಲಿ, ಅಂದರೆ ಒಮಾನ್ ಮತ್ತು ಯೆಮೆನ್ ದೇಶಗಳಲ್ಲಿ, ಹಾಗೂ ಸೊಮಾಲಿಯಾದಲ್ಲಿ ಬೆಳೆಯುವ ಬಾಸ್ವೆಲಿಯಾ ಸೇಕ್ರಾ ಎಂಬುದು ಇದರ ಹೆಸರಾಂತ ಮರ. ಒಮಾನಿನ ಧೋಫಾರ್ ಸೀಮೆಯ ಆ ಧೂಪದ ನೆಲವನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಥಿಯೋಪಿಯಾ, ಎರಿಟ್ರಿಯಾ, ಸುಡಾನ್‌ಗಳಲ್ಲಿ ಬೆಳೆಯುವ ಬಾಸ್ವೆಲಿಯಾ ಪ್ಯಾಪಿರಿಫೆರಾ ಇನ್ನೊಂದು ಜಾತಿ; ಲೋಕದ ದೇವಾಲಯಗಳಲ್ಲಿ ಉರಿಯುವ ಧೂಪದ ದೊಡ್ಡ ಪಾಲು ಅದರದು.

ನಮ್ಮ ದೇಶಕ್ಕೂ ಇದೇ ಕುಲದ ಮರವಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಅದು ಬಾಸ್ವೆಲಿಯಾ ಸೆರಾಟಾ. ಆಯುರ್ವೇದದವರು ಮರವನ್ನು 'ಶಲ್ಲಕಿ' ಎಂದೂ ಅಂಟನ್ನು 'ಕುಂದುರು' ಎಂದೂ ಕರೆಯುತ್ತಾರೆ. ಆನೆಗಳಿಗೆ ಇಷ್ಟವೆಂದು 'ಗಜಭಕ್ಷ್ಯ' ಎಂಬ ಹೆಸರೂ ಉಂಟು. ಮಧ್ಯಪ್ರದೇಶ, ರಾಜಸ್ಥಾನ, ಗುಜರಾತ್, ಮಹಾರಾಷ್ಟ್ರಗಳ ಒಣ ಕಾಡುಗಳಲ್ಲಿ ಹೇರಳವಾಗಿದೆ. ನಮ್ಮ ರಾಜ್ಯದ ಕಲ್ಲುಗುಡ್ಡಗಳ ಒಣ ಕಾಡಿನಲ್ಲೂ ಅಲ್ಲಲ್ಲಿ ಸಿಗುತ್ತದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ನಾವು ಗ್ರಂಧಿಗೆ ಅಂಗಡಿಯಲ್ಲಿ 'ಸಾಂಬ್ರಾಣಿ' ಎಂದು ಕೇಳಿ ತರುವ ವಸ್ತು ಸಾಮಾನ್ಯವಾಗಿ ಈ ಧೂಪವಲ್ಲ. ಅದು ಸುಮಾತ್ರಾ, ಜಾವಾ ಕಡೆಯ ಬೇರೊಂದು ಮರದ ಅಂಟು. ಅರಬ್ಬಿ ವರ್ತಕರು ಅದನ್ನು 'ಲುಬಾನ್ ಜಾವಿ', ಎಂದರೆ ಜಾವಾದ ಧೂಪ, ಎಂದು ಕರೆದರು. ಲೋಬಾನ ಎಂಬ ಮಾತು ಹಾಗೆ ಅದಕ್ಕೆ ಅಂಟಿಕೊಂಡಿತು. ಊದಿನಕಡ್ಡಿಗೆ ಬಳಸುವ ಹಾಲುಮಡ್ಡಿ ಮತ್ತೊಂದು ಮರದ್ದು. ಮಲೆನಾಡಿನ ಧೂಪದ ಮರದ ರಾಳ ಇನ್ನೊಂದು. ಗುಗ್ಗುಳವಂತೂ ರಕ್ತಬೋಳದ ಹತ್ತಿರದ ನೆಂಟ. ಇವೆಲ್ಲವೂ ಕೆಂಡದ ಮೇಲೆ ಬಿದ್ದರೆ ಪರಿಮಳವೇ. ಆದರೆ ಗುಣ ಬೇರೆ ಬೇರೆ. ಆದ್ದರಿಂದ ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸಬಾರದು. ಶೀಶೆ ಕೊಳ್ಳುವುದೇ ಆದರೆ ಅದರ ಮೇಲೆ 'ಬಾಸ್ವೆಲಿಯಾ' ಎಂಬ ಸಸ್ಯದ ಹೆಸರು ಇದೆಯೇ ಎಂದು ನೋಡಿರಿ.

ಇನ್ನು ಅಂಟು ಎಣ್ಣೆಯಾಗುವ ಬಗೆ. ಬೆಂಗಳೂರಿನ ಉತ್ತರಕ್ಕೆ, ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲಿ ಸಿಗುವ ಅಲ್ಲಾಳಸಂದ್ರವನ್ನು ನೀವು ಕೆರೆಗಾಗಿ ಬಲ್ಲಿರಿ, ಪಕ್ಕದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕಾಗಿ ಬಲ್ಲಿರಿ. ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಸಂಶೋಧನಾ ಕೇಂದ್ರವೂ ಅಲ್ಲಿಯೇ ಇದೆ. 'ಸೀಮ್ಯಾಪ್' ಎಂದು ಕರೆಸಿಕೊಳ್ಳುವ ಈ ಸಂಸ್ಥೆ 1959ರಲ್ಲಿ ಆರಂಭವಾದದ್ದು. ಮುಖ್ಯ ಕಚೇರಿ ಲಖನೌದಲ್ಲಿ. ಸುಗಂಧ ಬೆಳೆಗಳನ್ನು ಬೆಳೆಯುವುದು, ಅವುಗಳಿಂದ ಎಣ್ಣೆ ತೆಗೆಯುವುದು ಅದರ ಕಸುಬು. ದವನ, ಮಜ್ಜಿಗೆಹುಲ್ಲು, ಪಚೋಲಿ ಎಲ್ಲಕ್ಕೂ ವಿಧಾನ ಹೆಚ್ಚುಕಡಿಮೆ ಒಂದೇ. ಮುಚ್ಚಿದ ಪಾತ್ರೆಯಲ್ಲಿ ಸರಕನ್ನು ತುಂಬಿ ಅದರ ಮೂಲಕ ಹಬೆ ಹಾಯಿಸುತ್ತಾರೆ. ಹಗುರವಾದ ಪರಿಮಳದ ಅಂಶ ಹಬೆಯ ಜೊತೆ ಹಾರಿ, ತಣ್ಣನೆಯ ಕೊಳವೆಯಲ್ಲಿ ನೀರಾಗಿ ಇಳಿಯುತ್ತದೆ. ನೀರಿನ ಮೇಲೆ ತೇಲುವುದೇ ಸುಗಂಧ ತೈಲ. ಹಾರಲಾರದಷ್ಟು ಭಾರವಾದದ್ದೆಲ್ಲ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಧೂಪದ ಅಂಟಿನಿಂದ ಎಣ್ಣೆ ತೆಗೆಯುವುದೂ ಹೀಗೆಯೇ.

ಓದುಗರೇ, ಈ ಕೊನೆಯ ಮಾತನ್ನು ದಯವಿಟ್ಟು ಗಮನಿಸಿ, ಏಕೆಂದರೆ ಇಡೀ ವಿಷಯದ ಕೀಲಿ ಇಲ್ಲಿದೆ. ಧೂಪದ ಅಂಟಿನಲ್ಲಿ ಊತವನ್ನು ಇಳಿಸುವ ಗುಣವುಳ್ಳದ್ದೆಂದು ವಿಜ್ಞಾನಿಗಳು ಗುರುತಿಸಿರುವುದು ಬಾಸ್ವೆಲಿಕ್ ಆಮ್ಲಗಳನ್ನು. ಇವು ಭಾರವಾದ ವಸ್ತುಗಳು, ಹಬೆಯಲ್ಲಿ ಹಾರುವುದಿಲ್ಲ. ಆದ್ದರಿಂದ ಹಬೆಯಿಂದ ಇಳಿಸಿದ ಎಣ್ಣೆಯಲ್ಲಿ ಅವು ಇರುವುದಿಲ್ಲ! ಎಣ್ಣೆಯಲ್ಲಿ ಇರುವುದು ಪೈನೀನ್, ತುಜೀನ್, ಲಿಮೊನೀನ್ ಮುಂತಾದ ಪರಿಮಳದ ಅಂಶಗಳು. ಇವುಗಳಲ್ಲಿ ಪೈನೀನ್ ನಮ್ಮ ಟರ್ಪೆಂಟೈನಿನಲ್ಲೂ ಉಂಟು, ಲಿಮೊನೀನ್ ಕಿತ್ತಳೆ ಸಿಪ್ಪೆಯಲ್ಲೂ ಉಂಟು.

ಮೊಣಕಾಲು ನೋವಿನ ಮೇಲೆ ನಡೆದ ಪರೀಕ್ಷೆಗಳು ಸುಳ್ಳಲ್ಲ. ನಾಗಪುರದಲ್ಲಿ ಮೊಣಕಾಲಿನ ಸಂಧಿವಾತವಿದ್ದ 30 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ 2003ರಲ್ಲಿ ಪ್ರಕಟವಾಯಿತು. ಶಲ್ಲಕಿಯ ಸಾರವನ್ನು ಸೇವಿಸಿದವರಲ್ಲಿ ನೋವು ಮತ್ತು ಊತ ತಗ್ಗಿದ್ದು ಕಂಡುಬಂತು. ಇಂಥ ಹಲವು ಪರೀಕ್ಷೆಗಳನ್ನು ಒಟ್ಟಿಗಿಟ್ಟು ತೂಗಿದ ಕೊಕ್ರೇನ್ ಸಂಸ್ಥೆಯ 2014ರ ವಿಮರ್ಶೆಯೂ ನೋವಿನಲ್ಲಿ ಸ್ವಲ್ಪ ಮಟ್ಟಿನ ಇಳಿತವಿದೆ ಎಂದೇ ಹೇಳಿತು. ಆದರೆ ಅವರು ಕೊಟ್ಟದ್ದು ಅಂಟಿನ ಸಾರದ ಮಾತ್ರೆ, ಅಳತೆ ಕಟ್ಟಿದ ಔಷಧ. ಶೀಶೆಯ ಎಣ್ಣೆಯಲ್ಲ. ಮಾರುವವರು ಆ ಪರೀಕ್ಷೆಯ ಹೆಸರನ್ನು ಹೇಳಿ ಈ ಎಣ್ಣೆಯನ್ನು ಮಾರುತ್ತಾರೆ. ಬೂರುಗದ ಹತ್ತಿಯನ್ನು ತೋರಿಸಿ ಬೂರುಗದ ಮುಳ್ಳನ್ನು ಮಾರಿದ ಹಾಗೆ!

ಕ್ಯಾನ್ಸರಿನ ಮಾತು ಇನ್ನೂ ಅಪಾಯದ್ದು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣಗಳ ಮೇಲೆ ಧೂಪದ ಎಣ್ಣೆ ಹಾಕಿ ನೋಡಿದವರಿದ್ದಾರೆ. ತಟ್ಟೆಯಲ್ಲಿ ಕಣ ಸತ್ತಿತೆಂದರೆ ಮನುಷ್ಯನ ಮೈಯಲ್ಲಿ ಗಡ್ಡೆ ಕರಗಿತು ಎಂದರ್ಥವಲ್ಲ. ಧೂಪದ ಎಣ್ಣೆ ಮನುಷ್ಯರಲ್ಲಿ ಯಾವ ಕ್ಯಾನ್ಸರನ್ನೂ ಗುಣಪಡಿಸುವುದೆಂದು ಸಾಬೀತಾಗಿಲ್ಲ. 2014ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಸುಗಂಧ ತೈಲಗಳು ಕ್ಯಾನ್ಸರಿನಂಥ ರೋಗಗಳನ್ನು ವಾಸಿಮಾಡುತ್ತವೆ ಎಂದು ಹೇಳಿ ಮಾರುತ್ತಿದ್ದ ಕಂಪನಿಗಳಿಗೆ ಎಚ್ಚರಿಕೆಯ ಪತ್ರಗಳನ್ನೇ ಬರೆಯಬೇಕಾಯಿತು.

"ಹಾಗಾದರೆ ಮನಸ್ಸಿಗೆ ನೆಮ್ಮದಿ ಸಿಗುವುದೂ ಸುಳ್ಳೇ?" ಎಂದು ನೀವು ಕೇಳಬಹುದು. ಇಲ್ಲ. ಒಳ್ಳೆಯ ಪರಿಮಳ ಮನಸ್ಸನ್ನು ಹದಗೊಳಿಸುತ್ತದೆ. ಇದಕ್ಕೆ ಪ್ರಯೋಗಶಾಲೆಯ ಸಾಕ್ಷಿಗಾಗಿ ಕಾಯಬೇಕಿಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಧೂಪದ ಅಂಟಿನ ಒಂದು ಅಂಶವನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಆತಂಕ ತಗ್ಗಿದ್ದು ಕಂಡುಬಂತು. ಇಲಿಯ ಮಾತು ಇಲಿಗೆ ಇರಲಿ. ದಿನದ ಗದ್ದಲ ಮುಗಿದು, ಮನೆಮಂದಿ ಜಪಸರಕ್ಕೆ ಕೂರುವಾಗ ಕೋಣೆಯಲ್ಲಿ ಎರಡು ಹನಿ ಪರಿಮಳವಿದ್ದರೆ ಮನಸ್ಸು ಒಂದೆಡೆ ನಿಲ್ಲಲು ನೆರವಾದೀತು. ಅಷ್ಟನ್ನು ಸಂತೋಷವಾಗಿ ಒಪ್ಪೋಣ.

ವಿಶ್ವಾಸದ ಕಡೆಯಿಂದ ಎರಡು ಮಾತು. ಧರ್ಮಸಭೆ ಧೂಪವನ್ನು ಔಷಧವೆಂದು ಬಳಸುವುದಿಲ್ಲ. 141ನೆಯ ಕೀರ್ತನೆಯಲ್ಲೂ ಪ್ರಕಟನಾ ಗ್ರಂಥದ 8ನೆಯ ಅಧ್ಯಾಯದಲ್ಲೂ ಅದು ದೇವರ ಸನ್ನಿಧಿಗೆ ಏರುವ ಪ್ರಾರ್ಥನೆಯ ಗುರುತು. ಪಾಸ್ಖ ಮೇಣದಬತ್ತಿಗೆ ಚುಚ್ಚುವ ಐದು ಧೂಪದ ಕಾಳುಗಳು ಪ್ರಭುವಿನ ಪಂಚಗಾಯಗಳ ಗುರುತು. ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ದೇವದರ್ಶನದ ಗುಡಾರಕ್ಕಾಗಿ ಧೂಪದ ಮಿಶ್ರಣವನ್ನು ಹೇಳಿದ ಮೇಲೆ, ಅದೇ ಮಿಶ್ರಣವನ್ನು ಯಾರೂ ಸ್ವಂತ ಸುಖಕ್ಕಾಗಿ ಮಾಡಿಕೊಳ್ಳಬಾರದೆಂಬ ಕಟ್ಟಳೆಯೂ ಬರುತ್ತದೆ. ಬೈಬಲಿನಲ್ಲಿ ಹೆಸರು ಬಂದಿದೆ ಎಂಬ ಮಾತ್ರಕ್ಕೆ ಶೀಶೆಗೆ ಪಾವಿತ್ರ್ಯ ಬರುವುದಿಲ್ಲ.

ಇದನ್ನು ವ್ಯಾಧಿಸ್ಥರ ಅಭ್ಯಂಗದ ತೈಲದೊಡನೆ ಬೆರೆಸಿಕೊಳ್ಳುವವರೂ ಇದ್ದಾರೆ. ಆ ತೈಲ ಧರ್ಮಾಧ್ಯಕ್ಷರಿಂದ ಪವಿತ್ರ ವಾರದಲ್ಲಿ ಆಶೀರ್ವಾದ ಪಡೆದ ಆಲಿವ್ ಎಣ್ಣೆ. ಆಲಿವ್ ದೊರಕದ ಕಡೆ ಬೇರೆ ಸಸ್ಯದ ಎಣ್ಣೆಯೂ ಆಗಬಹುದೆಂದು ಜಗದ್ಗುರು ಆರನೆಯ ಪೌಲರು 1972ರಲ್ಲಿ ಅನುಮತಿ ಕೊಟ್ಟರು. ಅದು ಸಂಸ್ಕಾರ, ಗುರುಗಳು ಬಂದು ಕೊಡತಕ್ಕದ್ದು. ಅಂಗಡಿಯ ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ವೈದ್ಯರ ವಿಷಯದಲ್ಲಿ ಪವಿತ್ರ ಗ್ರಂಥದ ನಿಲುವು ತಿಳಿಯಬೇಕೇ? ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಇಂದು ರಾತ್ರಿಯೇ ತೆಗೆದು ಓದಿರಿ. ವೈದ್ಯನೂ ಮದ್ದೂ ದೇವರ ಸೃಷ್ಟಿಯೇ, ರೋಗಿ ಪ್ರಾರ್ಥನೆಯನ್ನೂ ಮಾಡಬೇಕು, ವೈದ್ಯನಿಗೂ ಎಡೆಗೊಡಬೇಕು ಎಂದು ಅಲ್ಲಿ ಬಿಚ್ಚಿ ಹೇಳಿದೆ.

ಮನೆಯಲ್ಲಿ ಶೀಶೆ ಈಗಾಗಲೇ ಇದೆಯೆನ್ನಿ. ಬಿಸಾಡಬೇಡಿ, ಸರಿಯಾಗಿ ಬಳಸಿರಿ. ಎಣ್ಣೆಯನ್ನು ನೇರವಾಗಿ ಚರ್ಮಕ್ಕೆ ಹಚ್ಚಬಾರದು. 30 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಅಥವಾ ಎಳ್ಳೆಣ್ಣೆಗೆ ಹತ್ತು ಹನ್ನೆರಡು ಹನಿ ಸಾಕು. ವಯಸ್ಸಾದವರ ತೆಳು ಚರ್ಮಕ್ಕೆ ಅದರ ಅರ್ಧ. ಮೊದಲು ಮೊಣಕೈಯ ಒಳಭಾಗಕ್ಕೆ ಒಂದಿಷ್ಟು ಸವರಿ ಒಂದು ದಿನ ನೋಡಿ. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ. ಸಂಜೆ ಅಮ್ಮನ ಮೊಣಕಾಲಿಗೆ ಹೀಗೆ ಬೆರೆಸಿದ ಎಣ್ಣೆಯನ್ನು ನಿಧಾನವಾಗಿ ತಿಕ್ಕಿದರೆ ಅವರಿಗೆ ಹಿತವೆನಿಸುತ್ತದೆ. ತಿಕ್ಕುವ ಕೈಗೆ, ಪಕ್ಕದಲ್ಲಿ ಕುಳಿತ ಹತ್ತು ನಿಮಿಷಕ್ಕೆ ಆ ಹಿತದಲ್ಲಿ ಎಣ್ಣೆಗಿಂತ ದೊಡ್ಡ ಪಾಲಿದೆ ಎಂದು ನನ್ನ ಅನಿಸಿಕೆ. ಮಾತ್ರೆ ಮಾತ್ರ ನಿಲ್ಲದಿರಲಿ.

ಕುಡಿಯುವುದು ಬೇಡವೇ ಬೇಡ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಡಾಕ್ಟರನ್ನು ಕೇಳದೆ ಬಳಸಬಾರದು. ಶಲ್ಲಕಿಯ ಮಾತ್ರೆಯನ್ನೇ ತೆಗೆದುಕೊಳ್ಳುವ ಮನಸ್ಸಿದ್ದರೂ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ವೈದ್ಯರಿಗೆ ತಿಳಿಸದೆ ಆರಂಭಿಸಬಾರದು. ಎರಡೂ ಸೇರಿ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಶೀಶೆಯ ಎಣ್ಣೆ ಹಳೆಯದಾದರೆ ಗಾಳಿ ತಾಗಿ ಕೆಟ್ಟು ಚರ್ಮವನ್ನು ಕೆರಳಿಸುತ್ತದೆ. ಬಣ್ಣದ ಗಾಜಿನ ಶೀಶೆಯಲ್ಲಿ, ಬಿಗಿಯಾದ ಮುಚ್ಚಳದೊಡನೆ, ಬಿಸಿಲು ಬೀಳದ ಕಡೆ ಇಡಿ. ಎಣ್ಣೆಗೆ ಅಡುಗೆ ಎಣ್ಣೆ ಬೆರೆಸಿದ್ದಾರೋ ಎಂಬ ಸಂಶಯವಿದ್ದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಜಿಡ್ಡಿನ ಕಲೆ ದೊಡ್ಡದಾಗಿ ಉಳಿದಿದ್ದರೆ ಬೆರಕೆ ಎಂದೇ ತಿಳಿಯಿರಿ.

ಹೊಗೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಬಾಣಂತಿಗೆ ನೀರು ಹಾಕಿದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬಿದಿರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ತಲೆಗೂದಲು ಹರಡಿ ಒಣಗಿಸುವುದು ನಮ್ಮ ಅಜ್ಜಿಯರ ರೂಢಿ. ಕೂದಲಿಗೆ ಆದೀತು. ಆದರೆ ಹೊಗೆ ಹೊಗೆಯೇ, ಯಾವ ಪವಿತ್ರ ಮರದ್ದಾದರೂ. ಎಳೆಯ ಮಗುವನ್ನು ಆ ಹೊಗೆಗೆ ಹಿಡಿಯುವುದನ್ನು ಬಿಟ್ಟುಬಿಡಿ. ಮನೆಯಲ್ಲಿ ಉಬ್ಬಸದವರಿದ್ದರೆ ಮುಚ್ಚಿದ ಕೋಣೆಯಲ್ಲಿ ಧೂಪ ಹಾಕಬೇಡಿ, ಕಿಟಕಿ ತೆರೆದಿರಲಿ.

ಧೂಪವನ್ನು ಮಿತವಾಗಿ ಬಳಸಲು ಇನ್ನೊಂದು ಕಾರಣವೂ ಇದೆ. ಬೇಡಿಕೆ ಏರಿದಂತೆ ಮರಗಳನ್ನು ಬಿಡುವಿಲ್ಲದೆ ಕೆತ್ತುತ್ತಿದ್ದಾರೆ, ಸಸಿಗಳನ್ನು ದನಕರು ಮೇಯುತ್ತವೆ, ಬೆಂಕಿ ಸುಡುತ್ತದೆ. ಹೀಗೇ ಆದರೆ ಇಥಿಯೋಪಿಯಾ ಕಡೆಯ ಧೂಪದ ಉತ್ಪನ್ನ ಇಪ್ಪತ್ತು ವರ್ಷಗಳಲ್ಲಿ ಅರ್ಧಕ್ಕೆ ಇಳಿದೀತೆಂದು 2019ರ ಒಂದು ಅಧ್ಯಯನ ಎಚ್ಚರಿಸಿದೆ.

ಕೊನೆಯದಾಗಿ, ಶೀಶೆಯನ್ನು ದೇವರ ಪೀಠದ ಮೇಲೆ ಮಕ್ಕಳ ಕೈಗೆಟುಕುವಂತೆ ಇಡಬೇಡಿ. ಬೀರುವಿನ ಮೇಲಿನ ಅರೆಯಲ್ಲಿಡಿ. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದೀತು. ಕೂಡಲೇ ಹತ್ತಿರದ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ. ಶೀಶೆಯನ್ನೂ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಿ.