ಅಡಿಕೆ ಸುಲಿದ ಕೈ ಕಪ್ಪೇಕೆ?

ಮಕ್ಕಳೇ, ಮುತ್ತಿನಕೊಪ್ಪದ ಕಡೆ ಅಡಿಕೆ ಕೊಯ್ಲು ಬಂತೆಂದರೆ ಮೆಟ್ಟುಗತ್ತಿಗೆ ಬಿಡುವಿಲ್ಲ. ಹಸಿ ಅಡಿಕೆ ಸುಲಿದವರ ಬೆರಳುಗಳನ್ನು ನೋಡಿದ್ದೀರಾ? ಕಪ್ಪಾಗಿರುತ್ತವೆ. ಸೋಪು ಹಾಕಿ ಉಜ್ಜಿದರೂ ಬೇಗ ಹೋಗುವುದಿಲ್ಲ. ಅದೇ ಅಡಿಕೆಗೆ ಸುಣ್ಣ ಸೇರಿದರೆ ಕೆಂಪು! ಇದು ಹೇಗೆ? ಮಾಡಿ ನೋಡೋಣ.

ಬೇಕಾಗುವ ಸಾಮಗ್ರಿಗಳು: ಎರಡು ಒಣ ಅಡಿಕೆ, ಮೂರು ಗಾಜಿನ ಲೋಟ, ನಾಲ್ಕು ಕಬ್ಬಿಣದ ಮೊಳೆ, ಸುಣ್ಣದ ತಿಳಿನೀರು, ನಿಂಬೆಹಣ್ಣು.

ಮಾಡುವ ವಿಧಾನ:
1. ಅಡಿಕೆ ಜಜ್ಜಿ, ಹಿರಿಯರ ನೆರವಿನಿಂದ ಎರಡು ಲೋಟ ನೀರಿನಲ್ಲಿ 10 ನಿಮಿಷ ಕುದಿಸಿ. ಸೋಸಿ, ಆರಿಸಿ. ಮನೆಯಲ್ಲಿ ಚೊಗರು ಇದ್ದರೆ ಒಂದು ಚಮಚ ನೀರಿಗೆ ಬೆರೆಸಿದರೂ ಸಾಕು.
2. ಮೂರೂ ಲೋಟಗಳಿಗೆ ಸಮನಾಗಿ ಹಂಚಿ. ಮೊದಲನೆಯದನ್ನು ಹಾಗೇ ಬಿಡಿ.
3. ಎರಡನೆಯದಕ್ಕೆ ಸುಣ್ಣದ ತಿಳಿನೀರು ಹಾಕಿ.
4. ಮೂರನೆಯದರಲ್ಲಿ ಮೊಳೆಗಳನ್ನು ಒಂದು ದಿನ ನೆನೆಸಿಡಿ. ಕಪ್ಪಾದ ಮೇಲೆ ಸ್ವಲ್ಪ ಬೇರೆಡೆ ತೆಗೆದು ನಿಂಬೆರಸ ಹಿಂಡಿ. ಕಪ್ಪು ತಿಳಿಯಾಗುತ್ತದೆ!

ಕಾರಣವೇನು?
ಅಡಿಕೆಯ ಒಗರಿಗೆ ಟ್ಯಾನಿನ್ ಕಾರಣ. ಸುಣ್ಣ ಪ್ರತ್ಯಾಮ್ಲ. ಅದು ಸೇರಿದಾಗ ಟ್ಯಾನಿನ್ ಗಾಳಿಯ ಆಮ್ಲಜನಕದೊಡನೆ ಬೇಗ ವರ್ತಿಸಿ ಕೆಂಪಾಗುತ್ತದೆ. ಕಬ್ಬಿಣದ ಪರಮಾಣು ಎರಡು ಇಲ್ಲವೇ ಮೂರು ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಡಬಲ್ಲದು. ಮೂರು ಬಿಟ್ಟ ಕಬ್ಬಿಣ ಟ್ಯಾನಿನ್ ಜೊತೆ ಸೇರಿದರೆ ಕಡುಕಪ್ಪು. ನಿಂಬೆಯ ಆಮ್ಲ ಆ ಕಬ್ಬಿಣವನ್ನು ಟ್ಯಾನಿನ್‌ನಿಂದ ಬಿಡಿಸಿಕೊಳ್ಳುತ್ತದೆ. ಸುಲಿಯುವವರ ಬೆರಳಿಗೂ ಅಡಿಕೆಯ ಟ್ಯಾನಿನ್, ಕತ್ತಿಯ ಕಬ್ಬಿಣ, ಗಾಳಿ ಮೂರೂ ತಗಲುತ್ತವೆ.

ನಾಲ್ಕು ಬಣ್ಣದ ಲೋಹ
ಎಲೆಕ್ಟ್ರಾನ್ ಲೆಕ್ಕ ಬದಲಾದಂತೆ ಬಣ್ಣ ಬದಲಿಸುವುದರಲ್ಲಿ ವನೇಡಿಯಂ ಕೂಡ ನಿಪುಣ. ಐದು ಎಲೆಕ್ಟ್ರಾನ್ ಬಿಟ್ಟರೆ ಹಳದಿ, ನಾಲ್ಕು ಬಿಟ್ಟರೆ ನೀಲಿ, ಮೂರಾದರೆ ಹಸಿರು, ಎರಡಾದರೆ ನೇರಳೆ. ಆಮ್ಲದಲ್ಲಿ ಕರಗಿಸಿದ ಹಳದಿ ದ್ರಾವಣಕ್ಕೆ ಸತುವಿನ ಚೂರು ಹಾಕಿದರೆ ಈ ಬಣ್ಣಗಳು ಒಂದರ ಹಿಂದೊಂದು ಬರುತ್ತವೆ. ಇದನ್ನು 1801ರಲ್ಲಿ ಮೆಕ್ಸಿಕೋದಲ್ಲಿ ಡೆಲ್ ರಿಯೋ ಮೊದಲು ಗುರುತಿಸಿದರು. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮ್ ಮತ್ತೆ ಕಂಡುಹಿಡಿದು, ಚೆಲುವಿನ ದೇವತೆ ವನಾಡಿಸ್‌ಳ ಹೆಸರಿಟ್ಟರು. ನಮಗೆ ಇದು ದೂರದ ಲೋಹವಲ್ಲ. ಚನ್ನಗಿರಿ ತಾಲ್ಲೂಕಿನ ಮಸಣಿಕೆರೆ, ಉಬ್ರಾಣಿ ಕಡೆಯ ಕಬ್ಬಿಣದ ಅದಿರಿನಲ್ಲಿ ವನೇಡಿಯಂ ಬೆರೆತಿದೆ. ಉಕ್ಕಿಗೆ ಸ್ವಲ್ಪವೇ ಸೇರಿಸಿದರೂ ಅದು ಗಟ್ಟಿಯಾಗುತ್ತದೆ.

ಎಚ್ಚರಿಕೆ: ವನೇಡಿಯಂ ಸಂಯುಕ್ತಗಳು ವಿಷಕಾರಿ. ಆ ಪ್ರಯೋಗ ಕಾಲೇಜಿನ ಪ್ರಯೋಗಾಲಯಕ್ಕೇ ಇರಲಿ. ಸುಣ್ಣ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಲೋಟದಲ್ಲಿ ಇರುವುದನ್ನು ರುಚಿ ನೋಡಬೇಡಿ. ಅಡಿಕೆ ಜಗಿಯುವುದು ಬಾಯಿ ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆಯೇ ನಮ್ಮ ಊರಿನ ಅನ್ನ, ನಿಜ. ಆದರೆ ಈ ಕೆಂಪು ಲೋಟದಲ್ಲೇ ಇರಲಿ, ಬಾಯಲ್ಲಿ ಬೇಡ.

ನೀವೇ ಮಾಡಿ: ಅಡಿಕೆ ನೀರಿನ ಬದಲು ಚಹಾದ ಡಿಕಾಕ್ಷನ್ ಬಳಸಿ. ಮೊಳೆಯ ಬದಲು ಸ್ಟೀಲ್ ಚಮಚ ಇಡಿ. ಏನಾಗಬಹುದೆಂದು ಮೊದಲು ಊಹಿಸಿ ಬರೆಯಿರಿ, ಆಮೇಲೆ ಮಾಡಿ ನೋಡಿ. ಊಹೆ ತಪ್ಪಾದರೆ ಬೇಸರ ಬೇಡ, ಏಕೆ ತಪ್ಪಾಯಿತೆಂದು ಗುರುಗಳ ಜೊತೆ ಚರ್ಚಿಸಿ.