ಇದ್ದದ್ದನ್ನೇ ಹೇಳಿದರೂ ತಪ್ಪಾಗುವುದು ಯಾವಾಗ

ಕಡೂರು, ತರೀಕೆರೆ, ಅಜ್ಜಂಪುರದ ಸಭೆಗಳಲ್ಲಿ ಬೆಳೆಯುತ್ತಿರುವ ತಮ್ಮಂದಿರಿಗೂ ತಂಗಿಯರಿಗೂ,

ನಾಲಿಗೆಯನ್ನು ಹತೋಟಿಯಲ್ಲಿಡುವುದು ಕ್ರೈಸ್ತರಿಗೆ ಬರೀ ಸಭ್ಯತೆಯ ವಿಷಯವಲ್ಲ, ನಂಬಿಕೆಯ ವಿಷಯ. ಭಕ್ತನೆನಿಸಿಕೊಂಡವನು ನಾಲಿಗೆಗೆ ಕಡಿವಾಣ ಹಾಕದಿದ್ದರೆ ಅವನ ಭಕ್ತಿಯೇ ವ್ಯರ್ಥವೆಂದು ಯಾಕೋಬನ ಪತ್ರದ ಮೊದಲ ಅಧ್ಯಾಯ ತೀರ್ಪು ಕೊಡುತ್ತದೆ. ಕಾರಣ ಮೂರನೆಯ ಅಧ್ಯಾಯದಲ್ಲಿದೆ. ದೇವರನ್ನು ಕೊಂಡಾಡುವ ಬಾಯಿಯೇ ಆ ದೇವರ ರೂಪ ಹೊತ್ತ ಮನುಷ್ಯನನ್ನು ಹೀನಾಯವಾಗಿ ಆಡಿದರೆ ಕೊಂಡಾಟಕ್ಕೆ ಬೆಲೆ ಉಳಿಯುವುದಿಲ್ಲ. ನಾಲಿಗೆಯನ್ನು ಕಾಡು ಸುಡುವ ಸಣ್ಣ ಕಿಡಿಗೆ ಹೋಲಿಸಿದ್ದೂ ಅಲ್ಲಿಯೇ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಸುದ್ದಿ ಕೇಳುತ್ತಲೇ ಬೆಳೆಯುವ ತರೀಕೆರೆ, ಲಕ್ಕವಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಊರುಗಳಲ್ಲಿ ಕ್ರೈಸ್ತ ಮನೆಗಳು ಕಡಿಮೆ. ಎಲ್ಲರಿಗೂ ಎಲ್ಲರೂ ಗೊತ್ತು, ಒಂದು ಸಭೆಯವರ ನೆಂಟರು ಇನ್ನೊಂದು ಸಭೆಯಲ್ಲಿರುತ್ತಾರೆ. ಕಡೂರಿನಲ್ಲಿ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಆಡಿದ ಮಾತು ಬೀರೂರು ದಾಟಿ ಅಜ್ಜಂಪುರ ಮುಟ್ಟಲು ಬಹಳ ಹೊತ್ತು ಬೇಕಾಗುವುದಿಲ್ಲ. ಕೂಡಿಬಂದ ಸಂಬಂಧ ಮುರಿಯುವುದೂ, ಸಾಲದಲ್ಲಿ ಸಿಕ್ಕಿಕೊಂಡವನು ಮುಖ ತೋರಿಸಲಾರದೆ ಆರಾಧನೆಗೆ ಬರುವುದನ್ನೇ ಬಿಡುವುದೂ ಇಂಥ ಮಾತಿನಿಂದಲೇ. ಬೆಂಗಳೂರಿನಂಥ ಕಡೆ ನೊಂದವರು ಬೇರೆ ಸಭೆ ಹುಡುಕಿಕೊಳ್ಳಬಹುದು. ಸಣ್ಣ ಊರಿನಲ್ಲಿ ಆ ದಾರಿ ಇಲ್ಲ. ಅದಕ್ಕೇ ಇಲ್ಲಿ ಮಾತಿನ ಹೊಣೆ ಹೆಚ್ಚು.

ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು, ದಕ್ಷಿಣ ಭಾರತ ಸಭೆಯವರ (ಸಿ.ಎಸ್.ಐ.) ಎಣಿಕೆಯಲ್ಲಿ ಒಂಬತ್ತನೆಯದು. ಎಣಿಕೆ ಬೇರೆಯಾದರೂ ಆಜ್ಞೆ ಒಂದೇ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಈ ಆಜ್ಞೆಯಡಿ ಮೂರು ತಪ್ಪುಗಳನ್ನು ಬೇರೆಬೇರೆಯಾಗಿ ಹೆಸರಿಸುತ್ತದೆ. ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರು ತಪ್ಪು ಮಾಡಿದ್ದಾರೆಂದು ಮನಸ್ಸಿನಲ್ಲೇ ತೀರ್ಮಾನಿಸುವುದು ಮೊದಲನೆಯದು. ತಕ್ಕ ಕಾರಣವಿಲ್ಲದೆ ಒಬ್ಬರ ನಿಜವಾದ ತಪ್ಪನ್ನು ಅದು ಗೊತ್ತಿಲ್ಲದವರ ಮುಂದೆ ಬಿಚ್ಚುವುದು ಎರಡನೆಯದು. ಸುಳ್ಳು ಕಟ್ಟಿ ಹೆಸರು ಕೆಡಿಸುವುದು ಮೂರನೆಯದು. ಮೂರನೆಯದನ್ನು ಯಾರೂ ಸಮರ್ಥಿಸುವುದಿಲ್ಲ. ಜನ ಜಾರಿ ಬೀಳುವುದು ಎರಡನೆಯದರಲ್ಲಿ. “ಇದ್ದದ್ದನ್ನೇ ಹೇಳಿದೆ, ಸುಳ್ಳೇನು ಹೇಳಿದೆ?” ಎಂಬ ಸಮಾಧಾನಕ್ಕೆ ಅಲ್ಲಿ ಜಾಗವಿಲ್ಲ. ನಿಜವಾದ ಸಂಗತಿಯಾದರೂ ಕೇಳುವವರಿಗೆ ಅದರ ಅಗತ್ಯವಿಲ್ಲದಿದ್ದರೆ ಹೇಳಿದ್ದು ಪಾಪವೇ.

ಹಾಗಾದರೆ ಸಹೋದರನ ತಪ್ಪು ಕಣ್ಣಿಗೆ ಬಿದ್ದಾಗ ಮಾಡುವುದೇನು? ಯೇಸು ಹಾಕಿಕೊಟ್ಟ ಕ್ರಮ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. ಮೊದಲು ಅವನೊಬ್ಬನೇ ಇರುವಾಗ ಹೋಗಿ ಹೇಳಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಮಾತ್ರ ಸಭೆಗೆ ತಿಳಿಸಬೇಕು. ನಡೆಯುವುದು ಸಾಮಾನ್ಯವಾಗಿ ತಲೆಕೆಳಗು: ಸಭೆಗೆಲ್ಲ ಗೊತ್ತಾದ ಮೇಲೆ ಕಟ್ಟಕಡೆಗೆ ಆ ಮನುಷ್ಯನಿಗೆ ತಿಳಿಯುತ್ತದೆ.

ಈ ಕ್ರಮವನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದವರೂ ಉಂಟು. 1752ರ ಜನವರಿಯಲ್ಲಿ ಇಂಗ್ಲೆಂಡಿನ ಜಾನ್ ವೆಸ್ಲಿ, ಅವರ ತಮ್ಮ ಚಾರ್ಲ್ಸ್ ಮತ್ತು ಕೆಲವು ಜೊತೆ ಬೋಧಕರು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡರು. ಒಬ್ಬರ ಮೇಲಿನ ಕೆಟ್ಟ ಮಾತಿಗೆ ಇನ್ನೊಬ್ಬರು ಕಿವಿಗೊಡಬಾರದು, ತಾವಾಗಿ ಕೆದಕಿ ಕೇಳಲೂಬಾರದು. ಕಿವಿಗೆ ಬಿದ್ದರೂ ಅವಸರದಲ್ಲಿ ನಂಬಬಾರದು. ಆದಷ್ಟು ಬೇಗ ಅದನ್ನು ಸಂಬಂಧಪಟ್ಟವರಿಗೇ ಹೇಳಬೇಕು ಅಥವಾ ಬರೆಯಬೇಕು. ಅಲ್ಲಿಯವರೆಗೂ, ಅದಾದ ಮೇಲೂ, ಬೇರೆ ಯಾರ ಮುಂದೆಯೂ ಆ ಮಾತು ಎತ್ತಬಾರದು. ಬೋಧಕರಿಗೇ ಇಂಥ ಕಟ್ಟುಪಾಡು ಬೇಕಾಯಿತೆಂಬುದು ಗಮನಿಸಬೇಕಾದ ಸಂಗತಿ. ಆ ವೆಸ್ಲಿಯವರ ಪರಂಪರೆಯ ವೆಸ್ಲಿಯನ್ ಮಿಷನ್ 19ನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿತು. ಅದರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. ಹಾಗಾಗಿ ಆ ಒಪ್ಪಂದ ಕನ್ನಡದ ಸಿ.ಎಸ್.ಐ. ಸಭೆಗಳಿಗೆ ಹಿರಿಯರಿಂದ ಬಂದ ಆಸ್ತಿಯೇ. ಅದರ ಹೆಚ್ಚುಗಾರಿಕೆ ಕಿವಿಯಿಂದ ಶುರುವಾಗುವುದರಲ್ಲಿದೆ. ಕೇಳುವವರಿಲ್ಲದಿದ್ದರೆ ಚಾಡಿಗೆ ಕಾಲಿಲ್ಲ.

ಚಾಡಿ ಭಕ್ತಿಯ ವೇಷದಲ್ಲೂ ಬರುತ್ತದೆ. “ಆ ಮನೆಯವರಿಗಾಗಿ ಪ್ರಾರ್ಥನೆ ಮಾಡಬೇಕು” ಎಂದು ಶುರುವಾದ ಮಾತು ಆ ಮನೆಯ ಜಗಳ, ಕುಡಿತ, ಮಗಳ ವಿಷಯವನ್ನೆಲ್ಲ ಮನೆಕೂಟದಲ್ಲಿ ಹರವಿಬಿಡುತ್ತದೆ. ಎಲ್ಲ ಚಾಡಿಗಳಲ್ಲೂ ಇದು ಹೆಚ್ಚು ಅಪಾಯದ್ದು, ಹೇಳುವವರಿಗೆ ತಪ್ಪೆನಿಸುವುದೇ ಇಲ್ಲವಾದ್ದರಿಂದ. ದೇವರಿಗೆ ವಿವರ ಬೇಕಿಲ್ಲ. ಹೆಸರು ಹೇಳಿ, ಅದೂ ಆ ಮನೆಯವರ ಒಪ್ಪಿಗೆ ಇದ್ದರೆ ಮಾತ್ರ, ಪ್ರಾರ್ಥಿಸಿದರೆ ಸಾಕು. ವಾಟ್ಸಾಪ್‌ನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸುವುದೂ ಆಡಿದ ಮಾತಿಗೆ ಸಮವೇ. ನೆರೆಹೊರೆಯ ಬೇರೆ ಧರ್ಮದವರ ವಿಷಯಕ್ಕೂ ನಾಲಿಗೆಯ ಈ ಹತೋಟಿ ಸಲ್ಲುತ್ತದೆ: ನಂಬಿಕೆಯ ಕಾರಣ ಕೇಳಿದವರಿಗೆ ಸೌಮ್ಯವಾಗಿ, ಗೌರವದಿಂದ ಉತ್ತರಿಸಬೇಕೆಂಬುದು ಪೇತ್ರನ ಮೊದಲ ಪತ್ರದ ಬುದ್ಧಿಮಾತು. ಬಸವಣ್ಣನವರ ವಚನ ಕೇಳಿ ಬೆಳೆದ ಸೀಮೆಯ ಜನ ಮಾತನ್ನು ತೂಗಿ ನೋಡುವುದರಲ್ಲಿ ಯಾರಿಗೂ ಕಡಿಮೆಯಲ್ಲ.

ಇಷ್ಟೆಲ್ಲ ಇದ್ದರೂ ಮೌನವೇ ಸದಾ ಪುಣ್ಯವಲ್ಲ. ಬಾಯಿಲ್ಲದವರ ಪರವಾಗಿ ಬಾಯಿ ತೆರೆಯಬೇಕೆಂದು ಜ್ಞಾನೋಕ್ತಿಗಳ 31ನೆಯ ಅಧ್ಯಾಯ ಹೇಳುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದಾಗ “ಸಭೆಯ ಹೆಸರು ಕೆಡುತ್ತದೆ” ಎಂದು ಮುಚ್ಚಿಡುವುದು ನಾಲಿಗೆಯ ಸಂಯಮವಲ್ಲ, ತಪ್ಪಿನಲ್ಲಿ ಪಾಲು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ. ಇಂಥಲ್ಲಿ ತಪ್ಪಿತಸ್ಥನನ್ನು ಒಬ್ಬನೇ ಕೂರಿಸಿ ಬುದ್ಧಿ ಹೇಳಿ ಮುಗಿಸಲು ಮತ್ತಾಯನ ಅಧ್ಯಾಯವನ್ನು ನೆವ ಮಾಡಿಕೊಳ್ಳಬಾರದು. ಚಿಕ್ಕವರನ್ನು ಎಡವಿಸುವವರ ಮೇಲಿನ ಕಠಿಣ ಎಚ್ಚರಿಕೆ ಇರುವುದೂ ಅದೇ ಅಧ್ಯಾಯದಲ್ಲಿ.

ಆಡಿಬಿಟ್ಟ ಮಾತಿಗೆ ಪರಿಹಾರ ಉಂಟೇ ಎಂಬುದು ಕೊನೆಯ ಪ್ರಶ್ನೆ. ಕ್ಷಮೆ ಸಿಕ್ಕಿತೆಂದ ಮಾತ್ರಕ್ಕೆ ಹೊಣೆ ತೀರುವುದಿಲ್ಲ, ಕೆಡಿಸಿದ ಹೆಸರನ್ನು ಸರಿಪಡಿಸಬೇಕೆಂದು ಧರ್ಮೋಪದೇಶ ಗ್ರಂಥ ವಿಧಿಸುತ್ತದೆ. ಬಹಿರಂಗವಾಗಿ ಆಗದಿದ್ದರೆ ಗುಟ್ಟಾಗಿಯಾದರೂ. ಸುಳ್ಳು ಹಬ್ಬಿಸಿದವರು ಅದನ್ನು ಕೇಳಿದವರ ಬಳಿಗೇ ಹೋಗಿ ಸುಳ್ಳೆಂದು ಹೇಳಬೇಕು. ಗುಂಪಿನಲ್ಲಿ ಹಾಕಿದ್ದರೆ ಆ ಗುಂಪಿನಲ್ಲೇ ತಿದ್ದುಪಡಿ ಬರೆಯಬೇಕು. ಹೇಳಿದ್ದು ನಿಜವೇ ಆಗಿದ್ದರೆ ಸುಳ್ಳೆನ್ನಲಾಗದು. ಆಗ ನೊಂದವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಆ ವಿಷಯ ಮತ್ತೆ ಎದ್ದಾಗ ಅಲ್ಲಿಗೇ ನಿಲ್ಲಿಸಬೇಕು.

ಕ್ರಿಸ್ತನಲ್ಲಿ,
ಸಭೆಯ ಹಿರಿಯರೊಬ್ಬರು