ಮುಂಗಾರಿನ ಕೊನೆಗೆ ಬರುವ ಸೀನು

ಅಲರ್ಜಿ ಚಿಕ್ಕಂದಿನಲ್ಲೇ ಬರಬೇಕೆಂದಿಲ್ಲ. ನಲವತ್ತು ಸಮೀಪಿಸಿದವರಿಗೂ ಹೊಸದಾಗಿ ಬರುತ್ತದೆ. ನನಗೆ ಬಂದದ್ದು ಹಾಗೆಯೇ, ಬೆಂಗಳೂರಿಗೆ ಬಂದು ನೆಲೆಸಿ ಹತ್ತಾರು ವರ್ಷ ಕಳೆದ ಮೇಲೆ. ತೀರ್ಥಹಳ್ಳಿ ಕಡೆಯ ಮಳೆಯಲ್ಲಿ ತೊಯ್ದು, ಅಡಿಕೆ ತೋಟ, ದನದ ಕೊಟ್ಟಿಗೆಗಳಲ್ಲಿ ಓಡಾಡಿ ಬೆಳೆದವಳು ನಾನು. ಧೂಳು, ಹುಲ್ಲು, ಬೂಷ್ಟು ಯಾವುದೂ ಮೈಗೆ ಹೊಸದಲ್ಲ. ಅಂಥವಳಿಗೆ ಒಂದು ವರ್ಷ ಗೌರಿ-ಗಣೇಶ ಹಬ್ಬದ ಹೊತ್ತಿಗೆ, ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಒಂದರ ಹಿಂದೊಂದು ಸೀನು ಶುರುವಾಯಿತು.

"ಥಂಡಿ ಆಗಿರ್ಬೇಕು ಕಣೆ, ಮೆಣಸು ಜೀರಿಗೆ ಹಾಕಿ ಕಷಾಯ ಮಾಡ್ಕೊಂಡು ಕುಡಿ" ಎಂದರು ಅಮ್ಮ ಫೋನಿನಲ್ಲಿ. ಕಷಾಯದಿಂದ ಗಂಟಲಿಗೆ ಹಿತವಾಯಿತೇ ಹೊರತು ಸೀನು ನಿಲ್ಲಲಿಲ್ಲ. ದೀಪಾವಳಿಯ ತನಕ ಕಾಡಿ, ಆಮೇಲೆ ತಾನಾಗಿ ಹೋಯಿತು. ಮರುವರ್ಷ ಹಬ್ಬ ಬಂತು, ಅದೂ ಬಂತು.

ನೆಗಡಿಗೂ ಅಲರ್ಜಿಗೂ ಇರುವ ವ್ಯತ್ಯಾಸವನ್ನು ದೇಹವೇ ಹೇಳುತ್ತದೆ. ನೆಗಡಿ ಸಾಮಾನ್ಯವಾಗಿ ವಾರ, ಹತ್ತು ದಿನದೊಳಗೆ ಇಳಿಯುತ್ತದೆ. ಜೊತೆಗೆ ಮೈಕೈ ನೋವು, ಒಮ್ಮೊಮ್ಮೆ ಜ್ವರ ಇರುತ್ತದೆ. ಅಲರ್ಜಿಯಲ್ಲಿ ಜ್ವರವಿಲ್ಲ. ಮೂಗಿನಿಂದ ತಿಳಿನೀರು ಸುರಿಯುತ್ತದೆ, ಕಣ್ಣು ತುರಿಸುತ್ತದೆ, ಅಂಗುಳಿನ ತುದಿಯಲ್ಲಿ, ನಾಲಿಗೆಗೂ ಎಟುಕದ ಕಡೆ ಕೆರೆತವೇಳುತ್ತದೆ. ವಾರಗಟ್ಟಲೆ ಹೀಗೇ ಇದ್ದು, ವರ್ಷ ವರ್ಷವೂ ಅದೇ ಕಾಲಕ್ಕೆ ಮರಳಿದರೆ ಅದನ್ನು ನೆಗಡಿ ಎಂದು ತಳ್ಳಿಹಾಕುವಂತಿಲ್ಲ.

"ಇಷ್ಟು ವರ್ಷ ಇಲ್ಲದ್ದು ಈಗ ಎಲ್ಲಿಂದ ಬಂತು?" ಎಂದು ಕೇಳದವರೇ ಇಲ್ಲ. ಉತ್ತರ ಆ 'ಇಷ್ಟು ವರ್ಷ'ದಲ್ಲೇ ಇದೆ. ಒಂದು ಗಿಡದ ಪರಾಗ ಮೊದಲ ಸಲ ಮೂಗಿಗೆ ಹೊಕ್ಕಾಗ ಏನೂ ಕಾಣಿಸುವುದಿಲ್ಲ. ಅಲರ್ಜಿಯ ಒಲವುಳ್ಳ ದೇಹ ಮಾತ್ರ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡು, ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸತೊಡಗುತ್ತದೆ. ಆ ಪ್ರತಿಕಾಯಗಳು ಮೂಗಿನ ಒಳಪದರದ ಮಾಸ್ಟ್ ಕೋಶಗಳ ಮೇಲೆ ಹೋಗಿ ಕೂರುತ್ತವೆ. ಮುಂದೆ ಅದೇ ಪರಾಗ ಬಂದಾಗ ಕೋಶಗಳು ಹಿಸ್ಟಮಿನ್ ಬಿಡುಗಡೆ ಮಾಡುತ್ತವೆ. ಸೀನು, ತುರಿಕೆ, ಸೋರಿಕೆಯೆಲ್ಲ ಅದರ ಕೆಲಸ. ಈ ಒಳತಯಾರಿಗೆ ಕೆಲವು ಋತುಗಳೇ ಹಿಡಿಯಬಹುದು. ಹಾಗಾಗಿ ಹೊಸ ಊರಿಗೆ ಬಂದವರಿಗೆ ಅಲ್ಲಿನ ಗಿಡಗಳ ಅಲರ್ಜಿ ವರ್ಷಗಳ ನಂತರ ಹತ್ತುವುದು ವಿಚಿತ್ರವಲ್ಲ. ಅದು ದೇಹ ದುರ್ಬಲವಾದದ್ದರ ಗುರುತೂ ಅಲ್ಲ.

ಯಾವ ಗಿಡ ಎನ್ನುವುದು ಊಹೆಯಲ್ಲಿ ತಿಳಿಯುವುದಿಲ್ಲ. ಅಲರ್ಜಿ ತಜ್ಞರು ಚರ್ಮದ ಪರೀಕ್ಷೆ ಬರೆದುಕೊಟ್ಟರು. ಅದಕ್ಕೆ ಮೊದಲು ಸುಮಾರು ಒಂದು ವಾರ ಅಲರ್ಜಿ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಫಲಿತಾಂಶ ಮಸುಕಾಗುತ್ತದೆ. ಮುಂಗೈ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಪ್ರತಿ ಗುರುತಿನ ಬಳಿ ಒಂದೊಂದು ದ್ರಾವಣದ ಹನಿಯಿಟ್ಟು, ಹನಿಯ ಮೂಲಕವೇ ಚರ್ಮವನ್ನು ಸೂಜಿಮೊನೆಯಿಂದ ಹಗುರಾಗಿ ಚುಚ್ಚಿದರು. ಹೋಲಿಕೆಗೆಂದು ಒಂದು ಹನಿ ಹಿಸ್ಟಮಿನ್, ಒಂದು ಹನಿ ಬರೀ ಉಪ್ಪುನೀರು. ಹದಿನೈದು-ಇಪ್ಪತ್ತು ನಿಮಿಷ ಕೆರೆದುಕೊಳ್ಳದೆ ಕೂತಿರಬೇಕು. ಉಪ್ಪುನೀರಿನ ಜಾಗ ಹಾಗೇ ಇತ್ತು. ಹಿಸ್ಟಮಿನ್ ಜಾಗದಲ್ಲಿ ಸೊಳ್ಳೆ ಕಚ್ಚಿದಂಥ ಗಂದೆ. ಅದಕ್ಕಿಂತ ದೊಡ್ಡ ಗಂದೆ ಎದ್ದದ್ದು ಪಾರ್ಥೇನಿಯಂ ಹನಿಯ ಬಳಿ.

ಪಾರ್ಥೇನಿಯಂ ಎಂದರೆ ನಮ್ಮ ಕಾಂಗ್ರೆಸ್ ಗಿಡ. ಮೂಲ ಅಮೆರಿಕ ಖಂಡ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಇದು, ಆಮದು ಗೋಧಿಯ ಜೊತೆ ದೇಶಕ್ಕೆ ಬಂತೆಂಬುದು ಸಾಮಾನ್ಯ ನಂಬಿಕೆ. ಈಗ ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ರೈಲ್ವೆ ಹಳಿಯ ಪಕ್ಕ, ಮೋರಿಯ ಅಂಚಿನಲ್ಲಿ ಎಲ್ಲೆಲ್ಲೂ ಇದೆ. ಮಳೆ ಬಿದ್ದೊಡನೆ ಮೊಳೆತು, ತಿಂಗಳು-ಒಂದೂವರೆ ತಿಂಗಳಲ್ಲಿ ಬಿಳಿ ಹೂ ಬಿಡುತ್ತದೆ. ನಮ್ಮ ಮನೆಯ ಪಕ್ಕದ ಸೈಟಿನಲ್ಲಿ ಸೊಂಟದೆತ್ತರಕ್ಕೆ ಬೆಳೆದು, ಅಕ್ಕಿನುಚ್ಚು ಚೆಲ್ಲಿದಂತೆ ಹೂ ತುಂಬಿ ನಿಲ್ಲುವುದು ಸರಿಯಾಗಿ ಹಬ್ಬದ ಹೊತ್ತಿಗೇ.

ಕಾರಣ ತಿಳಿದ ಮೇಲೆ ಚಿಕಿತ್ಸೆಗೆ ಒಂದು ಕ್ರಮ ಬಂತು. ಮೂಗಿಗೆ ಹಾಕುವ ಸ್ಟಿರಾಯ್ಡ್ ಸ್ಪ್ರೇ ಹೆಸರು ಕೇಳಿಯೇ ಹಲವರು ಹೆದರುತ್ತಾರೆ. ಆದರೆ ಅದು ಮುಖ್ಯವಾಗಿ ಮೂಗಿನಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ. ಅದರ ಪೂರ್ಣ ಗುಣ ಕಾಣಲು ಕೆಲವು ದಿನ, ಕೆಲವೊಮ್ಮೆ ಒಂದೆರಡು ವಾರ ಬೇಕು. ಆದ್ದರಿಂದ ಸೀನು ಜೋರಾದ ಮೇಲಲ್ಲ, ಋತುವಿಗೆ ಮೊದಲೇ ಶುರು ಮಾಡಬೇಕು. ಹಾಕುವ ರೀತಿಯೂ ಮುಖ್ಯ: ತಲೆ ತುಸು ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ನಡುಗೋಡೆಗೆ ತಾಗದಂತೆ ಹೊರಬದಿಗೆ ಒತ್ತಬೇಕು. ಮೂಗು ಕಟ್ಟಿದಾಗ ಥಟ್ಟನೆ ಬಿಡಿಸುವ ಹನಿಗಳದು ಬೇರೆ ಕಥೆ. ನಾಲ್ಕೈದು ದಿನ ಮೀರಿ ಹಾಕಿದರೆ ಅವುಗಳಿಂದಲೇ ಮೂಗು ಮತ್ತೆ ಕಟ್ಟುತ್ತದೆ. ನಿದ್ದೆ ಬರಿಸುವ ಅಲರ್ಜಿ ಮಾತ್ರೆ ನುಂಗಿ ಗಾಡಿ ಓಡಿಸಬಾರದು. ಅಷ್ಟಾಗಿ ತೂಕಡಿಕೆ ತಾರದ ಮಾತ್ರೆಗಳನ್ನು ಡಾಕ್ಟರನ್ನು ಕೇಳಿದರೆ ಬರೆದುಕೊಡುತ್ತಾರೆ. ಮೂಗು ತೊಳೆಯುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಸದ್ದು, ಏದುಸಿರು ಕಂಡರೆ ತಡಮಾಡುವಂತಿಲ್ಲ. ಮೂಗಿನ ಅಲರ್ಜಿಯಿದ್ದವರಿಗೆ ಉಬ್ಬಸದ ಸಾಧ್ಯತೆ ಹೆಚ್ಚು.

ಈಗ ನನ್ನ ಗೋಡೆ ಕ್ಯಾಲೆಂಡರಿನಲ್ಲಿ ಆಷಾಢದ ಕೊನೆಯಲ್ಲೊಂದು ಗುರುತಿರುತ್ತದೆ: ಸ್ಪ್ರೇ ಶುರು. ಆ ದಿನಗಳಲ್ಲಿ ಬಟ್ಟೆ ಮಹಡಿಯ ಮೇಲೆ ಒಣಗುವುದಿಲ್ಲ, ಒಣಗಾಳಿಯ ದಿನ ಕಿಟಕಿ ಮುಚ್ಚಿರುತ್ತದೆ, ಹೊರಗಿಂದ ಬಂದವಳು ಮುಖ ತೊಳೆದು ಬಟ್ಟೆ ಬದಲಿಸುತ್ತೇನೆ. ಅಲರ್ಜಿ ಹೋಗಿಲ್ಲ, ಆದರೆ ಹಬ್ಬದ ಅಡುಗೆಮನೆಯಲ್ಲಿ ಕಡುಬಿನ ವಾಸನೆ ಮೂಗಿಗೆ ಸಿಗುತ್ತಿದೆ.

ಇನ್ನೊಂದು ಕೆಲಸ ಒಬ್ಬರಿಂದಾಗುವುದಲ್ಲ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಬೇರುಸಮೇತ ಕೀಳಬೇಕು. ಹೂ ಬಿಟ್ಟ ಮೇಲೆ ಕಿತ್ತರೆ ಪರಾಗ ಕೀಳುವವರ ಮುಖಕ್ಕೇ ಹಾರುತ್ತದೆ, ಬೀಜವೂ ಚೆಲ್ಲುತ್ತದೆ. ನಮ್ಮ ಬೀದಿಯವರು ಸೇರಿ ಈಗ ಜೂನ್, ಜುಲೈನಲ್ಲೇ ಈ ಕೆಲಸ ಮಾಡಿಸುತ್ತೇವೆ. ಈ ಗಿಡ ಮುಟ್ಟಿದರೆ ಚರ್ಮಕ್ಕೂ ಅಲರ್ಜಿಯಾಗುತ್ತದೆ. ಆದ್ದರಿಂದ ಕೆಲಸಕ್ಕೆ ಬಂದವರ ಕೈಗೆ ಗವಸು, ಮುಖಕ್ಕೆ ಮಾಸ್ಕ್ ಕೊಡದೆ ಒಂದು ಗಿಡವನ್ನೂ ಕೀಳಿಸಬಾರದು. ನಮ್ಮ ಮೂಗು ಉಳಿಸಿಕೊಳ್ಳಲು ಅವರಿಗೆ ಕಾಯಿಲೆ ಹತ್ತಿಸುವ ಹಕ್ಕು ನಮಗಿಲ್ಲ.